ಹಾಜರಿ ಪುಸ್ತಕದೊಳಗಿನ ಯೋಗ

ಮಂಡ್ಯದ ಓದುಗರೊಬ್ಬರ ಪತ್ರ: "ಹೊಸ ಮ್ಯಾನೇಜರ್ ಬಂದಮೇಲೆ ನಮ್ಮ ಕಚೇರಿಯಲ್ಲಿ ದಿನಾ ಬೆಳಗ್ಗೆ ಒಂಬತ್ತೂವರೆಗೆ ಎಲ್ಲರೂ ಸೇರಿ ಯೋಗ ಮಾಡಬೇಕು. ಕೆಲಸ ಶುರುವಾಗೋದು ಹತ್ತಕ್ಕೆ. ಬಾರದವರ ಹೆಸರು ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ನನಗೆ 52 ವರ್ಷ, ಬಿ.ಪಿ. ಮಾತ್ರೆ ತಗೋತೀನಿ. ಸೀರೆಯುಟ್ಟು ಎಲ್ಲರೆದುರು ಬಗ್ಗೋಕೆ ಮುಜುಗರ. ಒಲ್ಲೆ ಎಂದರೆ ಸೋಮಾರಿ ಅಂತಾರೆ. ಏನು ಮಾಡಲಿ?"

ಸೋದರಿ, ನೀವು ಸೋಮಾರಿಯಲ್ಲ. ಸೋಮಾರಿಗಳು ಪತ್ರ ಬರೆಯುವುದಿಲ್ಲ.

ಸೇರಿ ಮಾಡುವುದನ್ನು ನಾನು ಬೈಯಲಾರೆ. ಮನೆಯಲ್ಲಿ ಒಬ್ಬರೇ ಮಾಡಹೊರಟರೆ ಚಾಪೆ ಬಿಚ್ಚುವ ಹೊತ್ತಿಗೇ ಹಾಲು ಉಕ್ಕುತ್ತದೆ. ನಮ್ಮ ಪತ್ರಿಕೆಯಲ್ಲೂ ಮಧ್ಯಾಹ್ನ ನಾಲ್ಕಕ್ಕೆ ಐದು ನಿಮಿಷ ಕೈಕಾಲು ಆಡಿಸುತ್ತೇವೆ. ಕರಡು ತಿದ್ದುವವರು ತಾಡಾಸನದಲ್ಲಿ ಕಂಬದಂತೆ ನಿಂತರೆ, ಸಂಪಾದಕನೆಂಬ ನಾನು ತುದಿಗಾಲಲ್ಲಿ ವಾಲಾಡಿ ಮೇಜು ಹಿಡಿಯುತ್ತೇನೆ. ನಗು ಬರುತ್ತದೆ, ಆಮೇಲೆ ನನ್ನ ಮುಂಗೋಪ ಒಂದಿಷ್ಟು ಹೊತ್ತು ಸುಮ್ಮನಿರುತ್ತದೆ. ಆದರೆ ಅದು ಕೆಲಸದ ವೇಳೆಯೊಳಗೆ, ಬೇಕಾದವರಿಗೆ ಮಾತ್ರ. ಹೆಸರು ಬರೆದುಕೊಳ್ಳುವವರಿಲ್ಲ. ನಿಮ್ಮಲ್ಲಿ ಅರ್ಧ ಗಂಟೆ ಸಿಬ್ಬಂದಿಯದು, ಪ್ರಶಸ್ತಿ ಮ್ಯಾನೇಜರದು.

ಕೇಂದ್ರದ ಆಯುಷ್ ಸಚಿವಾಲಯ 2021ರಲ್ಲಿ 'ವೈ-ಬ್ರೇಕ್' ಎಂಬ ಆ್ಯಪ್ ತಂದಿತು. ಕೆಲಸದ ನಡುವೆ ಮಾಡುವ ಐದು ನಿಮಿಷದ ಕ್ರಮ ಅದು: ತೋಳು, ಸೊಂಟ ತಿರುಗಿಸುವುದು, ಮುಂದಕ್ಕೆ ಹಿಂದಕ್ಕೆ ಬಾಗುವುದು, ಉಸಿರಾಟ, ಕೊನೆಗೊಂದಿಷ್ಟು ಧ್ಯಾನ. 2023ರಲ್ಲಿ ಕುರ್ಚಿಯಲ್ಲೇ ಕುಳಿತು ಮಾಡುವ ರೂಪವೂ ಬಂತು. ಅಂದರೆ ಸರ್ಕಾರವೇ ಕೇಳಿದ್ದು ಐದು ನಿಮಿಷ!

ಕುರ್ಚಿಯೋಗ ನಿಜವಾದ ಯೋಗವಲ್ಲ ಎಂದು ಯಾರಾದರೂ ಮೂಗು ಮುರಿದರೆ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರನ್ನು ನೆನಪಿಸಿ. 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯವಿಡೀ ಕಾಯಿಲೆಯಲ್ಲಿ ಕಳೆದು, ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರಿಂದ ಕಲಿತವರು. ದೇಹ ಬಾಗದಿದ್ದವರಿಗೆ ಕುರ್ಚಿ, ಬೆಲ್ಟು, ದಿಂಬು ಕೊಟ್ಟು ಆಸನಕ್ಕೆ ತಂದರು. ಜಗತ್ತು ಅವರ ಕುರ್ಚಿಯನ್ನು ಒಪ್ಪಿತು, ನಿಮ್ಮ ಮ್ಯಾನೇಜರ್ ಒಪ್ಪದಿದ್ದರೆ ಹೇಗೆ?

ಇನ್ನು ನಿಮ್ಮ ಬಿ.ಪಿ. ಮೊದಲು ನಿಮ್ಮ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ತಲೆ ಎದೆಗಿಂತ ಕೆಳಗೆ ಹೋಗುವ ಆಸನ ಬೇಡ, ಉಸಿರು ಕಟ್ಟಿ ಹಿಡಿಯುವುದು ಬೇಡ, ಕಪಾಲಭಾತಿಯಂಥ ಜೋರು ಉಸಿರಾಟವೂ ಬೇಡ. ಕುಳಿತಲ್ಲೇ ಹೆಗಲು ತಿರುಗಿಸುವುದು, ನಿಧಾನ ಉಸಿರು, ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ, ಇಷ್ಟಕ್ಕೆ ಸೀರೆಯೂ ಅಡ್ಡಬಾರದು. ತಿಂಡಿ ತಿಂದ ಕೂಡಲೇ ಮಾತ್ರ ಮಾಡಬೇಡಿ. ಒಂಬತ್ತೂವರೆ ಎಂದರೆ ಎಷ್ಟೋ ಜನರ ಹೊಟ್ಟೆಯಲ್ಲಿ ಇಡ್ಲಿ ಇನ್ನೂ ಬಿಸಿಯಾಗಿರುತ್ತದೆ.

ಒಂದು ಮಾತು ಹೇಳದೆ ಇರಲಾರೆ. ದಿನವಿಡೀ ಮುರುಕು ಕುರ್ಚಿಯಲ್ಲಿ ಕೂರಿಸಿ, ಇಬ್ಬರ ಕೆಲಸ ಒಬ್ಬರ ತಲೆಗೆ ಕಟ್ಟಿ, ಬೆಳಗ್ಗೆ ಅರ್ಧ ಗಂಟೆ ಬೆನ್ನು ಬಗ್ಗಿಸಿದರೆ ಬೆನ್ನುನೋವು ಹೋಗುವುದಿಲ್ಲ. ಕುರ್ಚಿ ಬದಲಿಸಲು ದುಡ್ಡು ಬೇಕು, ಯೋಗಕ್ಕೆ ಬೇಡ. ಆಡಳಿತಕ್ಕೆ ಅದರ ಮೇಲೆ ಅಷ್ಟೊಂದು ಪ್ರೀತಿ ಹುಟ್ಟಲು ಇದೂ ಒಂದು ಕಾರಣವಿರಬಹುದು.

ಮ್ಯಾನೇಜರನ್ನು ಒಬ್ಬರೇ ಕಾಣಬೇಡಿ, ನಾಲ್ಕು ಜನ ಹೋಗಿ. ಬೇಡ ಅನ್ನಬೇಡಿ. ಹತ್ತು ಗಂಟೆಯ ನಂತರ ಐದು ನಿಮಿಷ, ಕುರ್ಚಿಯಲ್ಲಿ, ಹಾಜರಿಯಿಲ್ಲದೆ ಅನ್ನಿ. ಬಾಯಿ ಬಾರದಿದ್ದರೆ ಈ ಪುಟ ಕತ್ತರಿಸಿ ಅವರ ಮೇಜಿನ ಮೇಲಿಡಿ, ನಮ್ಮ ಅಭ್ಯಂತರವಿಲ್ಲ.

– ಸಂ.