ಹೊಸ ಕೋಚ್ ಬಂದ ಮೊದಲ ವರ್ಷದಲ್ಲಿ ಏನನ್ನು ನಿರೀಕ್ಷಿಸಬಹುದು?

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಂಥ ದೊಡ್ಡ ಪರಂಪರೆಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬಂದಾಗ, ಮೊದಲ ವರ್ಷವೇ ಪ್ರಶಸ್ತಿ ನಿರೀಕ್ಷಿಸುವುದು ನ್ಯಾಯವೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಈ ತಂಡದ ಆಟವನ್ನು ಹಚ್ಚಿಕೊಂಡು ನೋಡುತ್ತಿರುವ ನನ್ನ ಅಭಿಪ್ರಾಯದಲ್ಲಿ, ಹಿಂದಿನ ಕೋಚ್ ಯಾವ ತಂಡವನ್ನು ಬಿಟ್ಟುಹೋದರು ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರಿಸಲಾಗದು.

ಪ್ರಶಸ್ತಿ ಬೇಕೆನ್ನುವವರು ಸಾಮಾನ್ಯವಾಗಿ 1998ರ ಉದಾಹರಣೆ ಕೊಡುತ್ತಾರೆ. ಆ ವರ್ಷ ಟಬ್ಬಿ ಸ್ಮಿತ್ ಕೆಂಟಕಿಯಲ್ಲಿ ತಮ್ಮ ಮೊದಲ ಋತುವಿನಲ್ಲೇ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ನಿಜ. ಆದರೆ ಹಿಂದಿನ ಕೋಚ್ ರಿಕ್ ಪಿಟಿನೊ ಅವರಿಂದ ಅವರಿಗೆ ದೊರೆತದ್ದು 1996ರಲ್ಲಿ ಪ್ರಶಸ್ತಿ ಗೆದ್ದು, 1997ರ ಫೈನಲ್‌ನಲ್ಲಿ ಅರಿಜೋನಾ ಎದುರು ಹೆಚ್ಚುವರಿ ಅವಧಿಯಲ್ಲಿ ಸೋತಿದ್ದ, ಒಟ್ಟಿಗೆ ಆಡಿ ಪಳಗಿದ್ದ ತಂಡ. ಅನಂತರದ ಒಂಬತ್ತು ಋತುಗಳಲ್ಲಿ ಸ್ಮಿತ್ ಫೈನಲ್ ಫೋರ್, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟ, ತಲುಪಲಿಲ್ಲ. 2003ರಲ್ಲಿ ಅವರ ತಂಡ ತನ್ನ ಲೀಗಿನ ಹದಿನಾರು ಪಂದ್ಯಗಳನ್ನೂ ಗೆದ್ದಿತ್ತಾದರೂ, ಮೊದಲ ವರ್ಷದ ಆ ಪ್ರಶಸ್ತಿಯ ಮುಂದೆ ಅಭಿಮಾನಿಗಳಿಗೆ ಅದು ಸಾಲಲಿಲ್ಲ. ಒಳ್ಳೆಯ ಕೋಚ್ ಒಬ್ಬರಿಗೆ ಇದು ಅನ್ಯಾಯವೆಂದೇ ನಾನು ಈಗಲೂ ಭಾವಿಸುತ್ತೇನೆ.

2024ರಲ್ಲಿ ಕೆಂಟಕಿಯ ಕೋಚ್ ಆಗಿ ಬಂದ ಮಾರ್ಕ್ ಪೋಪ್ ಅವರ ಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿತ್ತು. ಹದಿನೈದು ವರ್ಷ ತಂಡವನ್ನು ನಡೆಸಿ 2012ರಲ್ಲಿ ಪ್ರಶಸ್ತಿ ತಂದುಕೊಟ್ಟಿದ್ದ ಜಾನ್ ಕ್ಯಾಲಿಪರಿ, 2022ರಲ್ಲಿ ಸೇಂಟ್ ಪೀಟರ್ಸ್‌ಗೂ 2024ರಲ್ಲಿ ಓಕ್‌ಲ್ಯಾಂಡ್‌ಗೂ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತ ಮೇಲೆ ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಪೋಪ್ 1996ರ ವಿಜೇತ ತಂಡದ ನಾಯಕರಲ್ಲೊಬ್ಬರು. ಆದರೆ ಕೋಚ್ ಆಗಿ ಆ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲವಾದ್ದರಿಂದ ಅವರ ಹೆಸರು ಕೇಳಿ ಹಲವರು ಗೊಣಗಿದರು. ಕೆಲವೇ ದಿನಗಳಲ್ಲಿ ಅದೇ ಊರಿನ ಜನ ಅವರನ್ನು ಸ್ವಾಗತಿಸಲು ತಂಡದ ತವರು ಕ್ರೀಡಾಂಗಣವಾದ ರಪ್ ಅರೀನಾವನ್ನು ತುಂಬಿಬಿಟ್ಟರು. ಪರದೆಯ ಮೇಲೆ ಅದನ್ನು ನೋಡುವಾಗ ನನಗೆ ಸಂತೋಷದ ಜೊತೆ ಆತಂಕವೂ ಆಯಿತು, ಏಕೆಂದರೆ ವಿದ್ಯಾರ್ಥಿವೇತನದ ಮೇಲೆ ಆಡುತ್ತಿದ್ದ ಹಳೆಯ ಆಟಗಾರರಲ್ಲಿ ಒಬ್ಬರೂ ಉಳಿಯಲಿಲ್ಲ. ಬೇರೆ ಬೇರೆ ಕಾಲೇಜುಗಳಿಂದ ವರ್ಗಾವಣೆಗೊಂಡು ಬಂದವರನ್ನೂ ಹೊಸ ವಿದ್ಯಾರ್ಥಿಗಳನ್ನೂ ಸೇರಿಸಿ ಅವರು ಇಡೀ ತಂಡವನ್ನು ಕಟ್ಟಬೇಕಾಯಿತು.

ಆ ತಂಡ ನವೆಂಬರ್‌ನಲ್ಲೇ ಡ್ಯೂಕ್ ತಂಡವನ್ನು 77–72ರಿಂದ ಸೋಲಿಸಿತು. ಲಮಾಂಟ್ ಬಟ್ಲರ್ ಮತ್ತು ಜ್ಯಾಕ್ಸನ್ ರಾಬಿನ್ಸನ್ ಗಾಯಗೊಂಡು ಪಂದ್ಯಗಳನ್ನು ಕಳೆದುಕೊಂಡರೂ 24 ಗೆಲುವು, 12 ಸೋಲುಗಳೊಂದಿಗೆ ಋತು ಮುಗಿಸಿ, 2019ರ ನಂತರ ಮೊದಲ ಬಾರಿಗೆ ಕೊನೆಯ ಹದಿನಾರರ ಘಟ್ಟ ತಲುಪಿತು. ಅಲ್ಲಿ, ಅದೇ ಋತುವಿನಲ್ಲಿ ಎರಡು ಸಲ ಸೋಲಿಸಿದ್ದ ಟೆನೆಸಿಗೆ ಸೋತಿತು. ಹನ್ನೆರಡು ಸೋಲನ್ನೇ ಎಣಿಸಿದವರಿದ್ದಾರೆ. ನಾನು ನೋಡಿದ್ದು ಚೆಂಡು ಒಬ್ಬರಿಂದೊಬ್ಬರಿಗೆ ಸಲೀಸಾಗಿ ಹರಿದ ರೀತಿಯನ್ನು, ಅಪರಿಚಿತರು ಕೆಲವೇ ತಿಂಗಳಲ್ಲಿ ಒಬ್ಬರ ಜಾಗವನ್ನೊಬ್ಬರು ಅರಿತು ಆಡಿದ್ದನ್ನು. ರಕ್ಷಣೆ ದುರ್ಬಲವಾಗಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ.

ಆದ್ದರಿಂದ ನಿಮ್ಮ ತಂಡದಲ್ಲಿ ಹಳೆಯ ಆಟಗಾರರು ಎಷ್ಟು ಮಂದಿ ಉಳಿದಿದ್ದಾರೆಂದು ಮೊದಲು ನೋಡಿ. ಬಹುಪಾಲು ಉಳಿದಿದ್ದರೆ ಫೈನಲ್ ಫೋರ್ ಕೇಳುವುದು ತಪ್ಪಲ್ಲ. ಎಲ್ಲರೂ ಹೊಸಬರಾಗಿದ್ದರೆ, ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಯಲ್ಲಿ ಸ್ಥಾನವನ್ನೂ ನವೆಂಬರ್‌ಗಿಂತ ಫೆಬ್ರವರಿಯಲ್ಲಿ ಕಾಣುವಂತೆ ಸುಧಾರಿಸಿದ ಆಟವನ್ನೂ ಕೇಳಿ; ಪ್ರಶಸ್ತಿಯ ಲೆಕ್ಕವನ್ನು ಎರಡನೆಯ, ಮೂರನೆಯ ವರ್ಷದಲ್ಲಿ ಕೇಳುವ ಹಕ್ಕು ನಿಮಗೆ ಇದ್ದೇ ಇದೆ.