ಸಾಲಿ ಬಿಟ್ಟ ಮೇಲೂ ಸಾಲಿಗೆ ಬರುವವರು

ಬೈಲಹೊಂಗಲ ಕಡೆಯ ಓದುಗರೊಬ್ಬರ ಪತ್ರ: ಬೆಳಗಾವಿಯ ಸೇಂಟ್ ಪಾಲ್ಸ್ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ಸಂಘ ಕಟ್ಟಿ ನಡೆಸುವ ಬಗ್ಗೆ ಬರೆದಿದ್ದಿರಿ. ಓದಿ ಹೊಟ್ಟೆ ಉರಿಯಿತು. ನಾವೂ ನಮ್ಮೂರ ಕನ್ನಡ ಸಾಲಿಯವರು ಸೇರಿ ವಾಟ್ಸಾಪ್ ಗ್ರೂಪ್ ಮಾಡಿದೆವು. ಮೊದಲ ವಾರ ಹಳೆ ಫೋಟೊ ಬಂದವು, ಆಮೇಲೆ ಬರೀ ಗುಡ್ ಮಾರ್ನಿಂಗ್. ಅವರದು ದುಡ್ಡಿದ್ದವರ ಶಾಲೆ, ಅದಕ್ಕೇ ಸಂಘ ನಡೆಯುತ್ತದೆ, ಅಲ್ವಾ?

ಸಂಪಾದಕರ ಉತ್ತರ: ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ.

ದುಡ್ಡಿನ ಮಾತು ಪೂರ್ತಿ ಸುಳ್ಳಲ್ಲ. ಬೆಳಗಾವಿಯ ಕ್ಯಾಂಪ್ ಪ್ರದೇಶದ ಆ ಗಂಡುಹುಡುಗರ ಶಾಲೆ ಶುರುವಾದದ್ದು 1856ರಲ್ಲಿ. ಜೆಸ್ವಿಟರು ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಶಾಲೆ. ಇಷ್ಟು ವರ್ಷದಲ್ಲಿ ಅಲ್ಲಿಂದ ಹೊರಬಿದ್ದವರು ಎಲ್ಲೆಲ್ಲೋ ಇದ್ದಾರೆ, ಕೆಲವರ ಕೈ ಗಟ್ಟಿಯಾಗಿದೆ. ಆದರೆ ದುಡ್ಡಿದ್ದ ಎಷ್ಟೋ ಶಾಲೆಗಳ ಸಂಘ ಒಂದು ಭರ್ಜರಿ ಊಟಕ್ಕೇ ಮುಗಿದದ್ದನ್ನೂ ನಾನು ನೋಡಿದ್ದೇನೆ.

ತಮ್ಮನ್ನು ಪೊಲೈಟ್ಸ್ ಎಂದು ಕರೆದುಕೊಳ್ಳುವ ಈ ಹಳೆ ಹುಡುಗರಿಗೆ ಮಾಡಲು ಒಂದು ಕೆಲಸ ಇದೆ. ಫಾದರ್ ಎಡ್ಡಿ ನೆನಪಿನ ಅಂತರಶಾಲಾ ಫುಟ್‌ಬಾಲ್ ಪಂದ್ಯಾವಳಿ. ಒಂದು ವರ್ಷ ನಾನೂ ನೋಡಲು ಹೋಗಿದ್ದೆ. ರಾತ್ರಿ ಮಳೆ ಬಂದು ಗೆರೆಯೆಲ್ಲ ಅಳಿಸಿತ್ತು. ಐವತ್ತು ದಾಟಿದ ಒಬ್ಬರು ಪ್ಯಾಂಟು ಮಡಚಿ, ಬಕೆಟ್‌ನಿಂದ ಸುಣ್ಣದ ಪುಡಿ ಹಿಡಿ ಹಿಡಿಯಾಗಿ ಸುರಿಯುತ್ತಾ ಬಗ್ಗಿಕೊಂಡೇ ಹಿಂದೆ ಹಿಂದೆ ಸರಿಯುತ್ತಿದ್ದರು. ಗೆರೆ ಸೊಟ್ಟಗಾಯಿತು. ಕಾಲಿನಿಂದ ಅಳಿಸಿ ಮತ್ತೆ ಹಾಕಿದರು. ಅವತ್ತು ಆಡಬೇಕಾಗಿದ್ದ ಎರಡೂ ತಂಡ ಬೇರೆ ಶಾಲೆಯವು! ಆ ಬೆಳಗ್ಗೆ ನನಗೆ ಬಹಳ ಸಂತೋಷವಾಯಿತು.

ಇದು ಸುಮ್ನೆ ಬಂದ ಗುಣ ಅಲ್ಲ ಅನ್ನಿಸುತ್ತದೆ. ಜೆಸ್ವಿಟರ ಮುಖ್ಯಸ್ಥರಾಗಿದ್ದ ಪೆದ್ರೊ ಅರುಪೆ 1973ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆ ವಿದ್ಯಾರ್ಥಿಗಳ ಮುಂದೆ ಮಾತಾಡಿದರು. ನ್ಯಾಯಕ್ಕಾಗಿ ನಿಲ್ಲುವುದನ್ನು ನಾವು ನಿಮಗೆ ಕಲಿಸಿದೆವಾ ಎಂದು ಕೇಳಿ, ಇಲ್ಲ ಎಂದು ತಾವೇ ಒಪ್ಪಿಕೊಂಡರು. ನಮ್ಮಲ್ಲಿ ಓದಿದವರು ಬೇರೆಯವರಿಗಾಗಿ ಬದುಕುವವರಾಗಬೇಕು ಎಂದರು. ಕರೆಸಿದವರ ಮುಂದೆಯೇ ಹೀಗೆ ಹೇಳಲು ಎದೆಗಾರಿಕೆ ಬೇಕು. ಕೇಳಿದ ಕೆಲವರಿಗೆ ಅದು ಹಿಡಿಸಲೂ ಇಲ್ಲ.

ನಿಮ್ಮ ಗ್ರೂಪಿನಲ್ಲಿ ನೆನಪು ಬೇಕಾದಷ್ಟಿದೆ. ಕೈಗೆ ಕೆಲಸ ಇಲ್ಲ. ವರ್ಷಕ್ಕೆ ಒಂದೇ ದಿನ ಗೊತ್ತು ಮಾಡಿ. ಊರ ಜಾತ್ರೆಗೆ ಪುಣೆಯವರೂ ಬೆಂಗಳೂರಿನವರೂ ಬಂದೇ ಬರ್ತಾರೆ, ಜಾತ್ರೆಯ ಮರುದಿನ ಇಟ್ಟುಕೊಳ್ಳಿ. ಸುತ್ತಲ ನಾಲ್ಕೈದು ಊರಿನ ಸಾಲಿ ಮಕ್ಕಳನ್ನು ಕರೆದು ಖೋ-ಖೋ ಆಡಿಸಿ. ಹುಡುಗಿಯರ ತಂಡ ಮರೆಯಬೇಡಿ. ಹೆಡ್‌ಮಾಸ್ಟರ್ ಮತ್ತು ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರನ್ನು ಮೊದಲೇ ಮಾತಾಡಿಸಿ, ಇಲ್ಲದಿದ್ದರೆ ಮೈದಾನಕ್ಕೇ ತಕರಾರು ಬರುತ್ತದೆ. ಖರ್ಚು ಜಾಸ್ತಿ ಇಲ್ಲ. ಎರಡು ಕಂಬ, ಸುಣ್ಣ, ಒಂದು ಸೀಟಿ, ಮಕ್ಕಳಿಗೆ ಉಪ್ಪಿಟ್ಟು. ಚಂದಾ ಪಟ್ಟಿ ಎತ್ತುವುದಕ್ಕಿಂತ ಮೊದಲು ಕೆಲಸ ಹಂಚಿ: ಕಂಬ ಯಾರು ನೆಡುತ್ತಾರೆ, ನೀರು ಯಾರು ತರುತ್ತಾರೆ ಅಂತ ಹೆಸರು ಹಿಡಿದು ಬರೆಯಿರಿ. ಹೆಸರು ಬಿದ್ದವನು ಬರುತ್ತಾನೆ.

ದಿನ ಗೊತ್ತಾದ ಕೂಡಲೇ ಒಂದು ಕಾರ್ಡು ಹಾಕಿ. ಗೆರೆ ಹಾಕುವ ಕೆಲಸ ನನಗಿರಲಿ.