ನ್ಯೂಟ್ರಾನ್ ಎಂಬುದು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಜೋಡಿಯೇ?

ಮಾನ್ಯರೇ,

ತಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳೆಂದು ತಾವು ಬರೆದಿರುವ ಪ್ರಶ್ನೆ ಇದು: ನ್ಯೂಟ್ರಾನ್ ಕ್ಷಯಿಸಿದಾಗ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಹೊರಬರುತ್ತವೆ, ಅವೆರಡರ ಆವೇಶ ಕೂಡಿದರೆ ಸೊನ್ನೆಯಾಗುತ್ತದೆ, ಹಾಗಿರುವಾಗ ನ್ಯೂಟ್ರಾನನ್ನು ಮೂರನೆಯ ಕಣವೆಂದು ಎಣಿಸುವುದೇಕೆ? ಹುಡುಗಿಯ ತರ್ಕ ತಳ್ಳಿಹಾಕುವಂಥದ್ದಲ್ಲ. ಇಂಥ ಕಣವೊಂದು ಇರಬಹುದೆಂದು 1920ರಲ್ಲಿ ಊಹಿಸಿದ ರುದರ್‌ಫರ್ಡ್ ಅವರೇ ಅದನ್ನು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಬಿಗಿಯಾದ ಜೋಡಿಯೆಂದು ಭಾವಿಸಿದ್ದರು.

ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು 1 ಎಂದು ಹಿಡಿದರೆ ಪ್ರೋಟಾನಿನದು 1836.15, ನ್ಯೂಟ್ರಾನಿನದು 1838.68. ಪಠ್ಯಪುಸ್ತಕಗಳು ಇವೆರಡನ್ನೂ ‘ಸರಿಸುಮಾರು ಸಮ’ ಎಂದು ಹೇಳಿ ಮುಂದೆ ಸಾಗುತ್ತವೆಯಾದರೂ ಸ್ವಾರಸ್ಯವೆಲ್ಲ ಇರುವುದು ಆ ಎರಡೂವರೆಯ ವ್ಯತ್ಯಾಸದಲ್ಲಿಯೇ. ಪ್ರೋಟಾನಿಗೆ ಎಲೆಕ್ಟ್ರಾನನ್ನು ಕೂಡಿಸಿದರೆ 1837.15 ಆಗುತ್ತದೆ, ನ್ಯೂಟ್ರಾನ್ ಅದಕ್ಕಿಂತಲೂ ಒಂದೂವರೆ ಎಲೆಕ್ಟ್ರಾನಿನಷ್ಟು ಭಾರ. ಪರಸ್ಪರ ಆಕರ್ಷಣೆಯಿಂದ ಸ್ಥಿರವಾಗಿ ಕಟ್ಟಿಕೊಂಡ ಜೋಡಿಯಾದರೆ, ಕೂಡುವಾಗ ಶಕ್ತಿಯನ್ನು ಬಿಟ್ಟುಕೊಟ್ಟಿರುವುದರಿಂದ, ಬಿಡಿಕಣಗಳ ಮೊತ್ತಕ್ಕಿಂತ ತುಸು ಹಗುರವಾಗಿರಬೇಕಿತ್ತು. ಹಾಗೆ ಹಗುರವಾಗಿರುವ ಪ್ರೋಟಾನ್–ಎಲೆಕ್ಟ್ರಾನ್ ಜೋಡಿಯೊಂದು ನಮಗೆ ಗೊತ್ತೇ ಇದೆ: ಹೈಡ್ರೋಜನ್ ಪರಮಾಣು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನೈಟ್ರೋಜನ್‌ನಿಂದ ಬಂದಿತು. ಈ ಮೂರೂ ಕಣಗಳ ಸ್ಪಿನ್ ಎಂಬ, ತಿರುಗುವಿಕೆಯನ್ನು ಹೋಲುವ ಸಹಜ ಗುಣದ ಬೆಲೆ ಅರ್ಧ. ನ್ಯೂಕ್ಲಿಯಸ್ಸಿನಲ್ಲಿರುವುದು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳಷ್ಟೇ ಎಂಬ ಹಳೆಯ ಕಲ್ಪನೆಯ ಪ್ರಕಾರ ನೈಟ್ರೋಜನ್ ನ್ಯೂಕ್ಲಿಯಸ್ಸಿನಲ್ಲಿ 14 ಪ್ರೋಟಾನ್, 7 ಎಲೆಕ್ಟ್ರಾನ್, ಒಟ್ಟು 21 ಕಣಗಳಿರಬೇಕು. 21 ಅರ್ಧಗಳನ್ನು ಹೇಗೆ ಕೂಡಿ ಕಳೆದರೂ ಪೂರ್ಣಾಂಕ ಬರುವುದಿಲ್ಲ. ಆದರೆ 1929ರಲ್ಲಿ ಇಟಲಿಯ ರಸೆಟ್ಟಿ ಅವರು, ಹಿಂದಿನ ವರ್ಷವಷ್ಟೇ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕಂಡುಹಿಡಿದಿದ್ದ ಪರಿಣಾಮವನ್ನು ಬಳಸಿ ತೆಗೆದ ನೈಟ್ರೋಜನ್ ಅನಿಲದ ರೋಹಿತದಲ್ಲಿ ಪ್ರಬಲ ಮತ್ತು ದುರ್ಬಲ ರೇಖೆಗಳು ಒಂದಾದ ಮೇಲೊಂದು ಬಂದಿದ್ದ ಕ್ರಮವು ಪೂರ್ಣಾಂಕವನ್ನೇ ಬಯಸುತ್ತಿತ್ತು. (ರಾಮನ್ ಪರಿಣಾಮಕ್ಕೆ ಇಂಥ ಉಪಯೋಗವೂ ಒದಗಿತೆಂಬುದನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಹೇಳುವುದಿಲ್ಲ.) 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಪತ್ತೆಹಚ್ಚಿದ ಮೇಲೆ, ಅದನ್ನು ಒಂದೇ ಕಣವೆಂದು ಎಣಿಸಿ 7 ಪ್ರೋಟಾನ್, 7 ನ್ಯೂಟ್ರಾನ್ ಎಂದಿಟ್ಟುಕೊಂಡಾಗ ಲೆಕ್ಕ ಸರಿಹೋಯಿತು.

ಹಾಗಾದರೆ ಹೊರಬರುವ ಎಲೆಕ್ಟ್ರಾನ್ ಎಲ್ಲಿತ್ತು? ಎಲ್ಲಿಯೂ ಇರಲಿಲ್ಲ. ಬಲ್ಬಿನಿಂದ ಹೊಮ್ಮುವ ಬೆಳಕು ಮೊದಲೇ ಅದರೊಳಗೆ ತುಂಬಿರದಂತೆ, ಈ ಎಲೆಕ್ಟ್ರಾನ್ ಕೂಡ ಕ್ಷಯದ ಕ್ಷಣದಲ್ಲಿ, ಆ್ಯಂಟಿನ್ಯೂಟ್ರಿನೊ ಎಂಬ ಇನ್ನೊಂದು ಕಣದೊಡನೆ, ಹೊಸದಾಗಿ ಹುಟ್ಟುತ್ತದೆ. ನ್ಯೂಟ್ರಾನಿನಲ್ಲಿರುವ ಒಂದು ಅಪ್ ಮತ್ತು ಎರಡು ಡೌನ್ ಕ್ವಾರ್ಕ್‌ಗಳ (ಪ್ರೋಟಾನ್, ನ್ಯೂಟ್ರಾನ್‌ಗಳನ್ನು ರೂಪಿಸುವ ಇನ್ನೂ ಮೂಲಭೂತ ಕಣಗಳ) ಪೈಕಿ ಒಂದು ಡೌನ್, ಅಪ್ ಆಗಿ ಬದಲಾಗುವುದರಿಂದ ಪ್ರೋಟಾನ್ ಉಳಿಯುತ್ತದೆ. ಒಂಟಿ ನ್ಯೂಟ್ರಾನಿನ ಸರಾಸರಿ ಆಯುಸ್ಸು ಹದಿನೈದು ನಿಮಿಷಕ್ಕೂ ತುಸು ಕಡಿಮೆ. ಆದರೆ ಹೀಲಿಯಂನಂಥ ಸ್ಥಿರ ನ್ಯೂಕ್ಲಿಯಸ್ಸಿನೊಳಗೆ ಈ ಬದಲಾವಣೆಗೆ ಬೇಕಾದ ಶಕ್ತಿ ಒದಗದ ಕಾರಣ ಅದೇ ನ್ಯೂಟ್ರಾನ್ ಕ್ಷಯಿಸದೆ ಉಳಿಯುತ್ತದೆ.

— ಸಂಪಾದಕ